ಮೂವತ್ತೇಳನ್ನು ನೂರಾ ನಾಲ್ಕು ಮಾಡಬೇಡಿ

ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್ ಮಾಡೋಕೆ "ಡಬಲ್ ಮಾಡಿ ಮೂವತ್ತು ಕೂಡಿಸಿದರೆ ಆಯ್ತು" ಅಂತ ಯಾರು ಹೇಳಿಕೊಟ್ಟರೋ ಏನೋ, ನಮ್ಮ ಓಣಿಯ ಹುಡುಗ ಹುಡುಗಿಯರೆಲ್ಲ ಅದನ್ನೇ ಹಿಡಿದುಕೊಂಡಿದ್ದಾರೆ. ಹೊರಗಿನ ಹವೆ ನೋಡೋಕೆ ಆದರೆ ಹೋಗಲಿ ಬಿಡಿ. ಹತ್ತು ಡಿಗ್ರಿಗೆ ಸರಿಯಾಗಿ 50 ಬರುತ್ತದೆ, ಇಪ್ಪತ್ತಕ್ಕೆ 68 ಬರಬೇಕಾದಲ್ಲಿ 70 ಬರುತ್ತದೆ, ಯಾರ ಗಂಟೂ ಹೋಗಲ್ಲ. ಆದರೆ ಅದೇ ಲೆಕ್ಕವನ್ನು ಕೂಸಿನ ಜ್ವರಕ್ಕೆ ಹಾಕುತ್ತಾರಲ್ಲ, ಆಗ ನನಗೆ ಸಿಟ್ಟು ನೆತ್ತಿಗೇರುತ್ತದೆ. 37 ಅಂದರೆ ಮೈ ನೆಟ್ಟಗಿದೆ ಅಂತ ಅರ್ಥ. ಡಬಲ್ ಮಾಡಿ ಮೂವತ್ತು ಕೂಡಿಸಿ ನೋಡಿ, 104! ಆಡಿಕೊಂಡಿದ್ದ ಕೂಸನ್ನು ಹಿಡಿದು ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಅದರ ಮಾವನಿಗೆ ಫೋನ್ ಮಾಡಿ ಆಟೋ ತರಿಸಿ, ಕೂಸು ತನ್ನನ್ನು ಯಾಕೆ ಮಲಗಿಸಿದ್ದಾರೆ ಅಂತ ತಿಳಿಯದೆ ಕಿರುಚಿ... ಪಕ್ಕದ ಮನೆಯಲ್ಲಿ ಇಷ್ಟೂ ನಡೆಯಿತು.

ಸರಿಯಾದ ಲೆಕ್ಕ ಏನೂ ಕಷ್ಟದ್ದಲ್ಲ. ಡಬಲ್ ಮಾಡಿ, ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ತೆಗೆಯಿರಿ, ಆಮೇಲೆ 32 ಕೂಡಿಸಿ. ಅಷ್ಟೇ. ಇದು ಅಂದಾಜಲ್ಲ, ಪೂರಾ ಸರಿಯಾದ ಉತ್ತರ. ಶಾಲೆಯಲ್ಲಿ ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸು ಅಂತ ಹೇಳಿಕೊಡುತ್ತಾರಲ್ಲ, ಅದೇ ಇದು, ಬಾಯಿಲೆಕ್ಕಕ್ಕೆ ಬಗ್ಗುವ ಹಾಗೆ ಮಾಡಿದ್ದು.

ಇದನ್ನು ನನಗೆ ಕಲಿಸಿದವರು ನಮ್ಮ ಅಪ್ಪ. ಈ ಊರು ಇನ್ನೂ ಗುಲ್ಬರ್ಗಾ ಆಗಿದ್ದಾಗ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಗಾಜಿನ ಥರ್ಮಾಮೀಟರನ್ನು ಅದರ ಡಬ್ಬಿಯಿಂದ ತೆಗೆದು, ಮಣಿಕಟ್ಟಿನಿಂದ ಝಾಡಿಸಿ ಪಾದರಸ ಇಳಿಸಿ, ಕಿಟಕಿ ಬೆಳಕಿಗೆ ಹಿಡಿದು ಸ್ವಲ್ಪ ಹೊರಳಿಸುತ್ತಿದ್ದರು. ಹೊರಳಿಸದಿದ್ದರೆ ಆ ಬೆಳ್ಳಿ ಗೆರೆ ಕಣ್ಣಿಗೆ ಬೀಳಲ್ಲ. ಹಳೇ ಡಾಕ್ಟರರು ಫ್ಯಾರನ್‌ಹೀಟ್ ಕೇಳೋರು, ಹೊಸದಾಗಿ ಓದಿ ಬಂದೋರು ಸೆಲ್ಸಿಯಸ್. ಇಬ್ಬರ ನಡುವೆ ಅಪ್ಪ ನಿಂತಲ್ಲೇ ಲೆಕ್ಕ ಹೇಳಬೇಕಿತ್ತು. "ಅಡತಿ ಅಂಗಡಿಯವನು ತೊಗರಿ ದುಡ್ಡಿನಲ್ಲಿ ಕಮಿಷನ್ ಮುರಿದುಕೊಳ್ಳುವ ಹಾಗೆ ಹತ್ತಕ್ಕೊಂದು ಮುರಿ ಮಗಾ, ಆಮೇಲೆ 32 ಕೊಡು" ಅನ್ನೋರು.

ನಿಧಾನಕ್ಕೆ ಮಾಡಿ ನೋಡೋಣ. 38.5 ಬಂದಿದೆ ಅಂದುಕೊಳ್ಳಿ. ಡಬಲ್ ಮಾಡಿದರೆ 77. ಹತ್ತರಲ್ಲೊಂದು ಪಾಲು ತೆಗೆಯೋಕೆ ಭಾಗಾಕಾರ ಬೇಡ, ಚುಕ್ಕೆಯನ್ನು ಒಂದು ಮನೆ ಎಡಕ್ಕೆ ಸರಿಸಿ, 7.7 ಆಯಿತು. ಕಳೆಯುವಾಗ ಮೊದಲು ಪೂರಾ 8 ಕಳೆದುಬಿಡಿ, 69. ಜಾಸ್ತಿ ಕಳೆದ 0.3 ವಾಪಸ್ ಕೊಡಿ, 69.3. ಈಗ 32. ಅದನ್ನೂ ಒಂದೇ ಸಲ ಹಾಕಬೇಡಿ, ಮೊದಲು 30, ಆಮೇಲೆ 2. 101.3. ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿದರೆ ತಪ್ಪಾಗಲ್ಲ. ಸಂಶಯ ಬಂದರೆ ಇದೇ ದಾರಿಯಲ್ಲಿ 37 ಹಾಕಿ ನೋಡಿ: 74, ಅದರಲ್ಲಿ 7.4 ಹೋದರೆ 66.6, 32 ಸೇರಿದರೆ 98.6. ಹಳೇ ಥರ್ಮಾಮೀಟರಿನ ಮೇಲೆ ಗುರುತು ಹಾಕಿದ್ದು ಅಲ್ಲೇ ಅಲ್ವಾ? ಅದು ಬಂತು ಅಂದರೆ ನಿಮ್ಮ ಲೆಕ್ಕ ನೆಟ್ಟಗಿದೆ.

ಕ್ರಮ ಮಾತ್ರ ತಪ್ಪಿಸಬೇಡಿ. 32 ಮೊದಲು ಕೂಡಿಸಿ ಆಮೇಲೆ ಹತ್ತಕ್ಕೊಂದು ತೆಗೆದರೆ ಆ 32ರಲ್ಲೂ ಪಾಲು ಹೋಗಿಬಿಡುತ್ತದೆ, ಮೂರು ಡಿಗ್ರಿ ಮೇಲೆ ಖೋತಾ. ನೂರಾ ಎರಡು ಜ್ವರ ತೊಂಬತ್ತೊಂಬತ್ತರ ಹಾಗೆ ಕಾಣುತ್ತದೆ. ಜಾಸ್ತಿ ತೋರಿಸಿದರೆ ಸುಮ್ನೆ ಗಾಬರಿ, ಕಡಿಮೆ ತೋರಿಸಿದರೆ ಮೋಸ.

ಫೋನ್ ಇದೆಯಲ್ಲ ಆಯಿ ಅಂತೀರಿ. ಇದೆ, ಬೇಡ ಅಂದವರು ಯಾರು? ನಡುರಾತ್ರಿ ನಿದ್ದೆಗಣ್ಣಲ್ಲಿ 38.5 ಅಂತ ಹೊಡೆಯೋ ಬದಲು 35.8 ಹೊಡೆದು, ಬಂದ 96.4 ನೋಡಿ "ಜ್ವರ ಇಲ್ಲ" ಅಂತ ಮಲಗಿದವರಿದ್ದಾರೆ. ತಲೆಯಲ್ಲಿ ಒಂದು ಅಂದಾಜು ಇದ್ದರೆ ಅಲ್ಲೇ ತಿಳಿಯುತ್ತಿತ್ತು.

ಇನ್ನು ಉಲ್ಟಾ ಲೆಕ್ಕ. ನಮ್ಮ ತಂಗಿ ಮಗಳು ಹೊಸ ಓವನ್ ತಂದಳು. ಅಮೆರಿಕದವರ ವಿಡಿಯೋ ನೋಡಿ ಕೇಕಿಗೆ ಕೂತಳು, ಅದರಲ್ಲಿ 350 ಅಂದಿದ್ದಾರೆ, ಇವಳ ಓವನ್ನಿನ ತಿರುಗಣೆ 250ಕ್ಕೇ ಮುಗಿಯುತ್ತದೆ. ಕಡಿಮೆ ಆಯ್ತಲ್ಲ ಅಂತ ಪೂರಾ ತಿರುಗಿಸಿ ಇನ್ನೊಂದಿಷ್ಟು ಹೊತ್ತು ಜಾಸ್ತಿನೂ ಇಟ್ಟಳು! ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು, ಮೂರು ಮನೆ ಆಚೆಗೂ ವಾಸನೆ. ಅವರ 350 ಫ್ಯಾರನ್‌ಹೀಟ್ ಕಣೇ ಹುಡುಗಿ. ಉಲ್ಟಾ ಮಾಡುವಾಗ ಮೊದಲು 32 ಕಳೆಯಿರಿ, 318. ಅರ್ಧ ಮಾಡಿ, 159. ಅದಕ್ಕೆ ಅದರ ಹತ್ತರಲ್ಲೊಂದು ಪಾಲು ಕೂಡಿಸಿ, ಹತ್ತಿರ ಹತ್ತಿರ 175. ಇನ್ನಷ್ಟು ಸರಿ ಬೇಕಂದರೆ ಕೊನೆಗೆ ಕೂಡಿಸಿದ 16ರದ್ದೂ ಹತ್ತರಲ್ಲೊಂದು ಹಾಕಿ, 177ರ ಹತ್ತಿರ ಬರುತ್ತದೆ. ಕೇಕಿಗೆ ಅಷ್ಟು ನಯ ಬೇಡ, 180ಕ್ಕೆ ಇಟ್ಟು ಕಣ್ಣಿಟ್ಟಿರಿ. 400 ಅಂದಿದ್ದರೆ 200.

ಹೆಪ್ಪು ಹಾಕೋಕೆ ಹಾಲು 110 ಫ್ಯಾರನ್‌ಹೀಟ್ ಇರಬೇಕು ಅಂತ ಓದಿಕೊಂಡು ಥರ್ಮಾಮೀಟರ್ ಕೊಳ್ಳೋಕೆ ಹೊರಟವರೂ ಇದ್ದಾರೆ. ಅದು 43 ಸೆಲ್ಸಿಯಸ್, ಬೆರಳು ಇಟ್ಟರೆ ಬಿಸಿ ಅನಿಸಬೇಕು, ತೆಗೆಯಬೇಕು ಅನಿಸಬಾರದು. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನದ ಹವೆಯೇ ಅಷ್ಟಿರುತ್ತದೆ. ಬೆರಳು ಸಾಕು.

ಅಂದ ಹಾಗೆ ವಾಷಿಂಗ್ ಮಷೀನಿನ ಮೇಲೆ 60 ಅಂತ ಇರುತ್ತದಲ್ಲ, ಅದು 140 ಫ್ಯಾರನ್‌ಹೀಟ್. ಕೈ ಇಡೋಕಾಗದ ಬಿಸಿ. ಹಾಸಿಗೆ ಬಟ್ಟೆಗೆ, ಕೂಸಿನ ಲಂಗೋಟಿಗೆ ಸರಿ. ಅದರೊಳಗೆ ಇಳಕಲ್ ಸೀರೆ ತುರುಕಿ, ಕೆಂಪು ಸೆರಗಿನ ಬಣ್ಣ ಒಡಲಿಗೆಲ್ಲ ಹತ್ತಿಸಿಕೊಂಡು ನನ್ನ ಮುಂದೆ ಅಳಬೇಡಿ. ಇಳಕಲ್ಲಿಗೆ ತಣ್ಣೀರು, ಅಂಟುವಾಳ, ಕೈ. ಹಿಂಡಬಾರದು, ನೆರಳಲ್ಲಿ ಹಾಕಬೇಕು.

ಓದಿದವರೂ ಮುಗ್ಗರಿಸೋ ಜಾಗ ಇನ್ನೊಂದಿದೆ. "ಜ್ವರ ಒಂದು ಡಿಗ್ರಿ ಇಳಿದಿದೆ" ಅಂತ ಹೈದರಾಬಾದಿನಿಂದ ಮಗಳು ಹೇಳಿದರೆ, ಆ ಒಂದಕ್ಕೆ 32 ಕೂಡಿಸೋಕೆ ಕೂರಬೇಡಿ. ಏರಿದ್ದಕ್ಕೆ, ಇಳಿದದ್ದಕ್ಕೆ 32 ಬರೋದೇ ಇಲ್ಲ. ಡಬಲ್ ಮಾಡಿ ಹತ್ತಕ್ಕೊಂದು ತೆಗೆದರೆ ಮುಗಿಯಿತು: ಒಂದು ಸೆಲ್ಸಿಯಸ್ ಇಳಿದರೆ 1.8 ಫ್ಯಾರನ್‌ಹೀಟ್ ಇಳಿದ ಹಾಗೆ, ಐದಕ್ಕೆ ಒಂಬತ್ತು. ಆ 32 ಇರೋದು ಯಾಕೆ ಅಂದರೆ ನೀರು ಮಂಜುಗಟ್ಟುವ ಜಾಗ ಒಂದರಲ್ಲಿ 0, ಇನ್ನೊಂದರಲ್ಲಿ 32. ಎಲ್ಲಿಂದ ಎಣಿಸೋಕೆ ಶುರು ಮಾಡಿದ್ದಾರೆ ಅನ್ನೋ ಫರಕು ಅದು. ಆ ಸೆಲ್ಸಿಯಸ್ ಪುಣ್ಯಾತ್ಮ 1742ರಲ್ಲಿ ಮೊದಲು ಹೇಳಿದಾಗ ಕುದಿಯೋ ನೀರಿಗೆ 0, ಮಂಜಿಗೆ 100 ಇಟ್ಟಿದ್ದನಂತೆ, ಆಮೇಲಿನವರು ತಿರುಗಿಸಿದರು. ಇಲ್ಲದಿದ್ದರೆ ಜ್ವರ ಏರಿದಷ್ಟೂ ಅಂಕಿ ಇಳಿಯುತ್ತಿತ್ತು, ನಿಮ್ಮ ಗತಿ ಏನಾಗುತ್ತಿತ್ತೋ.

ಚಿಕಾಗೋದಲ್ಲಿರೋ ಮೊಮ್ಮಗ "ಇಲ್ಲಿ ಇವತ್ತು ಇಪ್ಪತ್ತು ಡಿಗ್ರಿ ಆಯಿ" ಅಂದರೆ "ನಮ್ಮ ಬೀದರ್ ಚಳಿಗಾಲದ ಹಾಗಿದೆ, ಆರಾಮ ಇರು" ಅನ್ನಬೇಡಿ. ಇಪ್ಪತ್ತರಲ್ಲಿ 32 ಕಳೆದರೆ ಮೈನಸ್ 12, ಅರ್ಧ ಮೈನಸ್ 6, ಹತ್ತರಲ್ಲೊಂದು ಸೇರಿಸಿ ಮೈನಸ್ 6.6. ಮನೆ ಹೊರಗೆ ಇಟ್ಟ ನೀರು ಗಡ್ಡೆ ಕಟ್ಟೋ ಚಳಿ. ಸ್ವೆಟರ್ ಹಾಕಿಕೊ ಅನ್ನಿ.

ಕೆಲ್ವಿನ್ ಅಂತ ಇನ್ನೊಂದಿದೆ, ಸೆಲ್ಸಿಯಸ್ಸಿಗೆ 273 ಕೂಡಿಸಿದರೆ ಬರುತ್ತದೆ. ಮಕ್ಕಳ ಪರೀಕ್ಷೆಗೆ ಬೇಕು, ಅಡುಗೆ ಮನೆಗೆ ಬೇಡ.

ಲೆಕ್ಕ ಎಷ್ಟು ಸರಿ ಇದ್ದರೂ ಅಳತೆಯೇ ತಪ್ಪಾದರೆ ಏನು ಮಾಡ್ತೀರಿ? ಚಹಾ ಕುಡಿದ ಬಾಯಲ್ಲಿ ಥರ್ಮಾಮೀಟರ್ ಇಡಬೇಡಿ, ಅರ್ಧ ಗಂಟೆ ಬಿಡಿ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಡಾಕ್ಟರಿಗೆ ಹೇಳುವಾಗ ಎಲ್ಲಿಟ್ಟಿದ್ದು ಅಂತಲೂ ಹೇಳಿ. ಈಗಿನ ಬ್ಯಾಟರಿ ಥರ್ಮಾಮೀಟರಿನಲ್ಲಿ ಅಂಕಿ ಪಕ್ಕ ಸಣ್ಣದಾಗಿ ಸಿ ಅಥವಾ ಎಫ್ ಅಕ್ಷರ ಇರುತ್ತದೆ, ಕನ್ನಡಕ ಹಾಕಿಕೊಂಡು ಮೊದಲು ಅದನ್ನು ನೋಡಿ. ಎಷ್ಟೋ ಥರ್ಮಾಮೀಟರುಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಅದು ಬದಲಾಗುತ್ತದೆ, ಮಕ್ಕಳು ಆಡುತ್ತಾ ಬದಲಿಸಿಟ್ಟಿರುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ 38, ಅಂದರೆ 100.4, ಬಂತು ಅಂದರೆ ಲೆಕ್ಕ ಗಿಕ್ಕ ಬಿಟ್ಟು ಸೀದಾ ದವಾಖಾನೆಗೆ ಹೋಗಿ.