ನಡಾವಳಿ ಪುಸ್ತಕದಲ್ಲಿ ನನ್ನ ಮಾತು

2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಮ್ಮ ಕ್ಷೇತ್ರ ಮಹಿಳೆಗೆ ಮೀಸಲಾಗಿದ್ದರಿಂದ ನಾನು ಸದಸ್ಯೆಯಾದೆ. ಕರ್ನಾಟಕದಲ್ಲಿ 2010ರಿಂದ ಪಂಚಾಯತಿಯ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೇ ಇವೆ. ಆದರೆ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದವರು ನಮ್ಮ ಮನೆಯವರು. ಸಭೆ ಮುಗಿದ ಸಂಜೆ ಜವಾನ ನಡಾವಳಿ ಪುಸ್ತಕವನ್ನು ಮನೆಗೆ ತಂದಾಗ, ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕುತ್ತಿದ್ದೆ.

ಒಂದು ಸಂಜೆ, ನನ್ನ ಬೆರಳಿನ ಹಿಟ್ಟು ಅಂಟಿದ ಪುಟವನ್ನು ಸುಮ್ಮನೆ ಓದಿದೆ. ನಮ್ಮ ಓಣಿಯ ಚರಂಡಿ ಕೆಲಸವನ್ನು ಮುಂದೂಡಲು ‘ಸರ್ವಾನುಮತದಿಂದ’ ತೀರ್ಮಾನಿಸಲಾಗಿತ್ತು. ಆ ಸರ್ವರಲ್ಲಿ ನಾನೂ ಒಬ್ಬಳಾಗಿದ್ದೆ.

ಮುಂದಿನ ಸಭೆಗೆ ನಾನೇ ಹೋದೆ, ಆದರೆ ಬಾಯಿ ತೆರೆಯಲಾಗಲಿಲ್ಲ. ಅದನ್ನು ಹೆದರಿಕೆ ಎನ್ನಲಾರೆ. ಚಿಕ್ಕಂದಿನಿಂದ ಮಾತು ನುಂಗಿ ನುಂಗಿ ಗಂಟಲಿಗೆ ಅದೇ ರೂಢಿಯಾಗಿತ್ತು. ಆ ರೂಢಿ ಬಿಡಿಸಲು ನಮ್ಮ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಓದುವ ಕೆಲಸವನ್ನು ಕೇಳಿ ಪಡೆದೆ. ದನಿ ತಗ್ಗಿದಾಗಲೆಲ್ಲ ಹಿರಿಯಳೊಬ್ಬಳು “ಜೋರಾಗಿ ಓದವಾ, ರೊಕ್ಕ ನಮ್ದೈತಿ” ಎಂದು ಗದರುತ್ತಿದ್ದಳು. ಧೈರ್ಯದ ಬಗ್ಗೆ ನಾನು ಕೇಳಿದ ಯಾವ ಭಾಷಣವೂ ಆ ಗದರಿಕೆಯಷ್ಟು ಕೆಲಸ ಮಾಡಲಿಲ್ಲ.

ಜೊತೆಗೆ, ಸಭೆಯ ನೋಟಿಸನ್ನು ನನ್ನ ಕೈಗೇ ಕೊಡಬೇಕೆಂದು ಕೇಳಿಕೊಂಡೆ. ಚರಂಡಿಯ ವಿಷಯವನ್ನು ಮೊದಲೇ ಅರ್ಜಿಯಾಗಿ ಬರೆದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೆ, ಏಕೆಂದರೆ ಗಂಟಲು ಕೈಕೊಟ್ಟರೂ ಕಾಗದ ಅಲ್ಲಿರುತ್ತದೆ. ಸಭೆಯಲ್ಲಿ ಎದ್ದು ನಿಂತಾಗ “ಅಣ್ಣಾರನ್ನ ಕಳಸ್ರಿ ಅಕ್ಕಾರ, ನಿಮಗ್ಯಾಕ ತ್ರಾಸು” ಎಂದು ಯಾರೋ ನಕ್ಕರು. “ಈ ಮಾತನ್ನೂ ನಡಾವಳಿಯೊಳಗ ಬರೀರಿ” ಎಂದೆ. ನಗು ನಿಂತಿತು. ನಡುಗುವ ದನಿಯಲ್ಲೇ ನನ್ನ ಮೂರು ವಾಕ್ಯ ಹೇಳಿ, ಅವನ್ನು ಬರೆದುಕೊಂಡು ಓದಿ ಹೇಳುವವರೆಗೂ ನಾನು ಕೂರಲಿಲ್ಲ.

ಚರಂಡಿ ಆಗಲು ಮತ್ತೂ ಒಂದು ಮಳೆಗಾಲ ಹಿಡಿಯಿತು. ಮನೆಯವರು ನಾಲ್ಕು ದಿನ ಮಾತು ಬಿಟ್ಟಿದ್ದರು. ಐದನೆಯ ದಿನ, ಸಭೆ ಎಷ್ಟು ಗಂಟೆಗೆಂದು ಕೇಳಿ ಬೈಕಿನಲ್ಲಿ ಬಿಟ್ಟುಬರುವುದಾಗಿ ಹೇಳಿದರು. ನಡಾವಳಿ ಪುಸ್ತಕ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಪಕ್ಕದ ಕ್ಷೇತ್ರದ ಸದಸ್ಯೆಯೂ ಸಹಿಗೆ ಮೊದಲು ಪುಟವನ್ನು ತನ್ನತ್ತ ತಿರುಗಿಸಿಕೊಂಡು, ಸಾಲಿನ ಮೇಲೆ ಬೆರಳಾಡಿಸುತ್ತ ಓದತೊಡಗಿದಳು. ಪೆನ್ನು ಹಿಡಿದ ಜವಾನ ಕಾಯುತ್ತ ನಿಲ್ಲುತ್ತಿದ್ದ.