ಕೋಡ್ 2481: ಒಂದು ಕ್ವಾಲಿಟಿ ಇಂಜಿನಿಯರ್ ಕೆಲಸವನ್ನು ವೀಸಾಕ್ಕೆ ಸಾಬೀತು ಮಾಡಿದ ಬಗೆ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಣ್ಣದೊಂದು ಮಷಿನಿಂಗ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಪೀಣ್ಯದಿಂದ ಒಬ್ಬ ಇಂಜಿನಿಯರನ್ನು ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಕರೆಸಿಕೊಳ್ಳುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ಹಾಗಾಗಿ ಹೊರದೇಶದವರನ್ನು ಕೆಲಸಕ್ಕೆ ಕರೆಸಲು ಕಂಪನಿಗಿರುವ ಸ್ಪಾನ್ಸರ್ ಖಾತೆ ನಡೆಸುವುದು, ಈ ಕೆಲಸ ವೀಸಾಕ್ಕೆ ತಕ್ಕದ್ದೇ ಅಂತ ಫೈಲು ಕಟ್ಟುವುದು ಎಲ್ಲ ನನ್ನ ಪಾಲಿಗೇ ಬಂತು.

ಹುಡುಗ ಮೊದಲು ಕೇಳಿದ್ದು, "ಸಾರ್, ಬಿಇ ಮಾರ್ಕ್ಸ್ ಕಾರ್ಡು ಎಂಟೂ ಸೆಮಿಸ್ಟರ್‌ದು ಕಳಿಸ್ಲಾ?" ನಮ್ಮ ಊರಿನವರೆಲ್ಲ ಮೊದಲು ಓಡುವುದು ಅಲ್ಲಿಗೇ. ಆದರೆ ಈ ವೀಸಾದಲ್ಲಿ ತೂಗುವುದು ಕೆಲಸದ ಮಟ್ಟವನ್ನು, ಮನುಷ್ಯನ ಪದವಿಯನ್ನಲ್ಲ. ಪ್ರತಿ ಬಗೆಯ ಕೆಲಸಕ್ಕೂ ಇಲ್ಲಿ ಒಂದು ಕೋಡ್ ಸಂಖ್ಯೆ ಇದೆ, ಆ ಕೋಡ್‌ಗೊಂದು ಮಟ್ಟ. ಚಿನ್ನದ ಪದಕ ಗೆದ್ದವನೂ ಕೆಳಮಟ್ಟದ ಕೋಡ್‌ನ ಕೆಲಸ ಹಿಡಿದರೆ ಸಾಮಾನ್ಯವಾಗಿ ವೀಸಾ ಇಲ್ಲ. ಅವನ ಪದವಿ ಪತ್ರ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಇಂಗ್ಲಿಷ್ ಪರೀಕ್ಷೆ ತಪ್ಪಿಸಿಕೊಳ್ಳಲು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೆಂದು ಎಕ್ಟಿಸ್ ಸಂಸ್ಥೆಯಿಂದ ದೃಢೀಕರಣ ತರಿಸಿದ.

2025ರ ಜುಲೈ 22ರಿಂದ ಬ್ರಿಟನ್ ಈ ಮಟ್ಟವನ್ನು ಆರ್‌ಕ್ಯೂಎಫ್ (ಇಲ್ಲಿನ ವಿದ್ಯಾರ್ಹತೆಯ ಶ್ರೇಣಿ) 3ರಿಂದ 6ಕ್ಕೆ, ಅಂದರೆ ಪಿಯುಸಿ ಮಟ್ಟದಿಂದ ಪದವಿ ಮಟ್ಟಕ್ಕೆ ಏರಿಸಿತು. ನೂರಕ್ಕೂ ಹೆಚ್ಚು ವೃತ್ತಿಗಳು ಪಟ್ಟಿಯಿಂದ ಹೊರಬಿದ್ದವು. ಜನ ಸಾಲದ ವೃತ್ತಿಗಳೆಂದು ತಾತ್ಕಾಲಿಕ ಕೊರತೆ ಪಟ್ಟಿಯಲ್ಲಿ ಉಳಿದ ಕೆಲವು ಕೆಳಮಟ್ಟದ ವೃತ್ತಿಗಳಿಗೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಈ ಹುಡುಗನಿಗೆ ಮದುವೆಯಾಗಿ ಒಂದು ಕೂಸೂ ಇತ್ತು.

ನಮ್ಮ ಪೇಚೆಲ್ಲ ಎರಡು ಕೋಡ್‌ಗಳ ನಡುವೆ. 2481 ಅಂದರೆ ಗುಣಮಟ್ಟ ನಿಯಂತ್ರಣ ಮತ್ತು ಯೋಜನಾ ಇಂಜಿನಿಯರ್, ಪದವಿ ಮಟ್ಟದ್ದು. 3115 ಅಂದರೆ ಕ್ವಾಲಿಟಿ ಅಶ್ಯೂರೆನ್ಸ್ ಟೆಕ್ನಿಷಿಯನ್, ಅದಕ್ಕಿಂತ ಕೆಳಗಿನದು. ಪೀಣ್ಯದಲ್ಲಿ ವರ್ನಿಯರ್ ಹಿಡಿದು ಬೆಳಗಿನಿಂದ ಸಂಜೆವರೆಗೆ ಶಾಫ್ಟ್ ಅಳೆಯುವವನಿಗೂ ಕ್ವಾಲಿಟಿ ಇಂಜಿನಿಯರ್ ಅಂತಲೇ ಐಡಿ ಕಾರ್ಡು. ಇಲ್ಲಿ ಆ ಹೆಸರಿಗೆ ಕಿಮ್ಮತ್ತಿಲ್ಲ. ಹೇಗೆ ಅಳೆಯಬೇಕು, ಎಷ್ಟು ಪೀಸಿಗೊಮ್ಮೆ, ಯಾವ ಗೇಜಿನಲ್ಲಿ ಅಂತ ನಿರ್ಧರಿಸುವವನು 2481. ಆ ನಿರ್ಧಾರದಂತೆ ಅಳೆದು ಬರೆದಿಡುವವನು 3115. ನನ್ನ ಮಟ್ಟಿಗೆ ಇಡೀ ಫೈಲಿನ ಜೀವ ಇರುವುದು ಈ ಒಂದು ವ್ಯತ್ಯಾಸದಲ್ಲಿ.

ಕಾರ್ಖಾನೆಯ ಹಳೆಯ ಕೆಲಸದ ವಿವರಣೆ ತೆರೆದರೆ "ಗುಣಮಟ್ಟ ಕಾಪಾಡುವುದು, ತಂಡಕ್ಕೆ ನೆರವಾಗುವುದು" ಎಂಬಂಥ ಮಾತುಗಳು. ಅದನ್ನು ಬದಿಗಿಟ್ಟು ಆ ಹುದ್ದೆಯಲ್ಲಿದ್ದು ಬಿಟ್ಟುಹೋದ ಇಂಜಿನಿಯರ್ ಸಹಿ ಹಾಕಿದ್ದ ಕಡತಗಳನ್ನು ಹುಡುಕಿ ತೆಗೆದೆ: ಏನನ್ನು ಹೇಗೆ ತಪಾಸಣೆ ಮಾಡಬೇಕೆನ್ನುವ ಕಂಟ್ರೋಲ್ ಪ್ಲಾನ್‌ಗಳು, ಎಲ್ಲಿ ತಪ್ಪಾಗಬಹುದೆಂದು ಮೊದಲೇ ಲೆಕ್ಕ ಹಾಕಿದ ಪ್ರೋಸೆಸ್ ಎಫ್‌ಎಂಇಎ, ಭಾಗದ ಒಪ್ಪಿಗೆಗಾಗಿ ಗ್ರಾಹಕರಿಗೆ ಕೊಟ್ಟ ಪಿಪಿಎಪಿ ಕಡತ, ದೂರು ಬಂದಾಗ ಕಾರಣ ಹುಡುಕಿ ಬರೆದ 8ಡಿ ವರದಿಗಳು. ಹೊಸ ವಿವರಣೆಯ ಪ್ರತಿ ಸಾಲಿಗೂ ಇಂಥದೊಂದು ಕಾಗದ ಬೆನ್ನಿಗಿರಬೇಕು ಅಂತ ಹಟ ಹಿಡಿದೆ. ಕಾಗದ ಸಿಗದ ಸಾಲನ್ನು ತೆಗೆದುಹಾಕಿದೆ. ಕೋಡ್ ಪುಸ್ತಕದ ವಾಕ್ಯಗಳನ್ನೇ ನಕಲು ಮಾಡಿ ಅಂಟಿಸಿದ ವಿವರಣೆಗಳನ್ನು ನೋಡಿದ್ದೇನೆ. ಎರವಲು ಅಂಗಿಯ ಹಾಗೆ ದೂರದಿಂದಲೇ ಗೊತ್ತಾಗುತ್ತವೆ.

ಸಂಘಟನಾ ಚಾರ್ಟನ್ನೂ ಬರೆದಿಟ್ಟೆ. ಇನ್‌ಸ್ಪೆಕ್ಟರ್‌ಗಳು, ಸಿಎಂಎಂ (ಅಳತೆ ಯಂತ್ರ) ಆಪರೇಟರ್ ಈ ಹುದ್ದೆಯವನ ಕೆಳಗೆ, ಅವನು ನನ್ನ ಕೆಳಗೆ. ಅಳೆಯಲು ಬೇರೆ ಜನ ಇದ್ದಾರೆ ಅನ್ನುವುದು ಆ ಒಂದು ಚಿತ್ರದಲ್ಲೇ ಕಾಣುತ್ತದೆ.

ಸಂಬಳದಲ್ಲೂ ಸೂಕ್ಷ್ಮ ಇದೆ. ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್, ಅಥವಾ ಆ ಕೋಡ್‌ಗೆ ನಿಗದಿಯಾದ ದರ, ಯಾವುದು ಹೆಚ್ಚೋ ಅದು. ಕೋಡ್ ದರ ವಾರಕ್ಕೆ 37.5 ಗಂಟೆ ಲೆಕ್ಕದ್ದು. ನಮ್ಮದು 40 ಗಂಟೆಯ ಕಾಂಟ್ರಾಕ್ಟ್. ದರ 45,000 ಅಂದುಕೊಂಡರೆ 40ರಿಂದ ಗುಣಿಸಿ 37.5ರಿಂದ ಭಾಗಿಸಿದಾಗ 48,000 ಆಗುತ್ತದೆ. ಶಿಫ್ಟ್ ಭತ್ಯೆ, ಓವರ್‌ಟೈಮ್ ಇದಕ್ಕೆ ಸೇರುವುದಿಲ್ಲ, ಮೂಲ ವೇತನವೇ ಅಷ್ಟಿರಬೇಕು. ಮಾಲೀಕರು ಮುಖ ಸಿಂಡರಿಸಿದರು, ಆದರೂ ಕೊಟ್ಟರು.

ಹೊರದೇಶದಿಂದ ಬರುವವರಿಗೆ ಬೇಕಾದ ಡಿಫೈನ್ಡ್ ಸಿಒಎಸ್‌ಗೆ, ಅಂದರೆ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿದಾಗ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ನಿಂದ ಪ್ರಶ್ನೆ ಬಂತು: ಈ ಹುದ್ದೆ ಯಾಕೆ ಬೇಕು, ದಿನದ ಕೆಲಸ ಏನು, ಈ ಕೋಡೇ ಯಾಕೆ? ಫೈಲು ಸಿದ್ಧವಿತ್ತು. ಹಿಂದಿನವರು ಬಿಟ್ಟುಹೋದ ದಾಖಲೆ, ಗ್ರಾಹಕರು ಪಿಪಿಎಪಿ ಕೇಳಿದ ಪತ್ರ, ಚಾರ್ಟು, ಹೆಸರು ಮರೆಮಾಚಿದ 8ಡಿ ಕಳಿಸಿದೆ. 3115 ಯಾಕಲ್ಲ ಅನ್ನುವುದನ್ನೂ ಅವರು ಕೇಳುವ ಮೊದಲೇ ಒಂದು ಪ್ಯಾರಾದಲ್ಲಿ ಬರೆದೆ. ಸಿಒಎಸ್ ಮಂಜೂರಾಯಿತು. ಅದನ್ನು ಅವನ ಹೆಸರಿಗೆ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಅವನು ವೀಸಾ ಅರ್ಜಿ ಹಾಕಬೇಕು, ಹಾಕಿದ. ಕ್ಷಯದ ಪರೀಕ್ಷೆ ಬೆಂಗಳೂರಲ್ಲೇ ಮುಗಿಸಿದ.

ಈ ನಡುವೆ ಊರಿನ ಒಬ್ಬ ಏಜೆಂಟ್ ಅವನಿಗೆ, ಸಿಒಎಸ್ ಬೇಕಾದರೆ ಲಕ್ಷಗಟ್ಟಲೆ ಆಗುತ್ತೆ ಅಂದಿದ್ದನಂತೆ. 2024ರ ಡಿಸೆಂಬರ್ 31ರಿಂದ ಸಿಒಎಸ್ ಶುಲ್ಕವನ್ನು ಕಂಪನಿ ಈ ವೀಸಾದವರ ತಲೆಗೆ ಕಟ್ಟುವಂತಿಲ್ಲ. ಹೊರದೇಶದವರನ್ನು ಕರೆಸಿದ್ದಕ್ಕೆ ಸರ್ಕಾರಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ಅಂತೂ ಮೊದಲಿನಿಂದಲೂ ಕಂಪನಿಯದ್ದೇ. ದುಡ್ಡು ಕೇಳಿದರೆ ಫೋನ್ ಇಟ್ಟುಬಿಡು ಮಾರಾಯ ಅಂದೆ.

ಅವನು ಬಂದು ಕೆಲಸಕ್ಕೆ ಸೇರಿದ ಮೇಲೂ ಫೈಲು ಮುಚ್ಚಿಲ್ಲ. ಸಿಎಂಎಂ ಆಪರೇಟರ್ ದೀರ್ಘ ರಜೆ ಹಾಕಿದಾಗ ಪ್ರೊಡಕ್ಷನ್ ಮ್ಯಾನೇಜರ್ ಇವನನ್ನು ಅಲ್ಲಿ ಕೂರಿಸಲು ನೋಡಿದರು. ಒಂದೆರಡು ದಿನ ಸರಿ, ವಾರಗಟ್ಟಲೆ ಆಗುವುದಿಲ್ಲ ಅಂದೆ. ಕೆಲಸದ ಸ್ವರೂಪ ಬದಲಾದರೆ ಹತ್ತು ಕೆಲಸದ ದಿನಗಳೊಳಗೆ ನಾನು ವರದಿ ಮಾಡಬೇಕು, ಕೋಡೇ ಬದಲಾದರೆ ಅವನು ಹೊಸ ಅರ್ಜಿ ಹಾಕಬೇಕು. ಏಜೆನ್ಸಿಯಿಂದ ಒಬ್ಬ ಆಪರೇಟರನ್ನು ತರಿಸಿಕೊಂಡೆವು.