ಬಾದಾಮಿ, ರಾಮನಗರದ ಬಂಡೆಗೆ ನಾನು ಕ್ಯಾಮ್ ಆರಿಸಿಕೊಂಡ ಬಗೆ

ಬಂಡೆ ಹತ್ತುವಾಗ ಬಿರುಕಿನಲ್ಲಿ ಸಿಕ್ಕಿಸಿ ಹಗ್ಗ ತೊಡಿಸುವ ಕ್ಯಾಮ್ ಎಂಬ ಸಾಧನ ಕೊಳ್ಳುವ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಇದು ಯಾವ ದೇಶದ್ದು ಅನ್ನುವುದು. ಬಾದಾಮಿಯಲ್ಲಿ ನನ್ನ ಜೊತೆ ಹತ್ತುವ ಹುಡುಗನೂ ನಾನು ಹೊರುವ ಈ ಸಾಧನಗಳ ಗೊಂಚಲಾದ ರ್‍ಯಾಕ್ ಕೈಗೆತ್ತಿಕೊಂಡು ಅದನ್ನೇ ಕೇಳಿದ: "ಅಣ್ಣಾರ, ಇದು ಚೀನಾದ್ದೇನ್ರೀ?" ಕೇಳುವುದು ಸಹಜವೇ. ಒಂದೊಂದು ಕ್ಯಾಮ್‌ಗೆ ಏಳೆಂಟು ಸಾವಿರ ರೂಪಾಯಿ, ಅದರ ಮೇಲೆ ಕಸ್ಟಮ್ಸ್. ಬೋಲ್ಟ್ (ಬಂಡೆಗೆ ಕೊರೆದು ಕೂರಿಸಿದ ಕೊಕ್ಕೆ) ಇಲ್ಲದ ಬಂಡೆಯಲ್ಲಿ ಲೀಡ್ ಮಾಡುವಾಗ, ಅಂದರೆ ಹಗ್ಗದೊಂದಿಗೆ ಮೊದಲಿಗರಾಗಿ ಹತ್ತುವಾಗ, ಕೈ ಜಾರಿದರೆ ನಮ್ಮನ್ನು ಹಿಡಿಯುವುದು ಅದೇ. ಇಷ್ಟು ದುಡ್ಡು ಕೊಡುವ ಮುನ್ನ ಗೆಳೆಯರ ಬಳಿ ಇದ್ದ ಬೇರೆ ಬೇರೆ ಕಂಪನಿಗಳ ಕ್ಯಾಮ್‌ಗಳನ್ನು ಕೇಳಿ ತಂದು ನಮ್ಮ ಬಂಡೆಯಲ್ಲೇ ಹಾಕಿ ನೋಡಿದೆ. ಯಾವುದು ಎಲ್ಲಿ ತಯಾರಾಯಿತು ಎಂದೂ ಹುಡುಕಿದೆ. ಆಮೇಲೆ ಕೊಂಡೆ.

ಕ್ಯಾಮ್ ಹಿಡಿಯುವ ರೀತಿ ತಿಳಿದರೆ ಹೋಲಿಕೆ ಸುಲಭ. ಟ್ರಿಗರ್ ಎಳೆದಾಗ ಅದರ ತಲೆಯಲ್ಲಿರುವ ತಿರುಗುವ ಲೋಹದ ಬಿಲ್ಲೆಗಳಾದ ಲೋಬ್‌ಗಳು ಮಡಚಿಕೊಳ್ಳುತ್ತವೆ, ಬಿರುಕಿನೊಳಗೆ ಇಟ್ಟು ಬಿಟ್ಟರೆ ಸ್ಪ್ರಿಂಗ್ ಅವನ್ನು ಎರಡೂ ಗೋಡೆಗೆ ಒತ್ತುತ್ತದೆ. ಬಿದ್ದವರ ಭಾರ ಕಾಂಡವನ್ನು ಕೆಳಗೆ ಜಗ್ಗಿದಷ್ಟೂ ಲೋಬ್‌ಗಳು ಇನ್ನಷ್ಟು ಬಿಚ್ಚಿಕೊಂಡು ಗೋಡೆಗೆ ಕಚ್ಚುತ್ತವೆ. 1970ರ ದಶಕದಲ್ಲಿ ಅಮೆರಿಕದ ರೇ ಜಾರ್ಡಿನ್ ಯೊಸೆಮಿಟಿಯ ಬಿರುಕುಗಳಿಗೆಂದು ಇದನ್ನು ರೂಪಿಸಿದರು. ಅದನ್ನು ತಯಾರಿಸಿ ಅಂಗಡಿಗೆ ತಂದವರು ಇಂಗ್ಲೆಂಡಿನ ಮಾರ್ಕ್ ವ್ಯಾಲೆನ್ಸ್. ಅವರ ವೈಲ್ಡ್ ಕಂಟ್ರಿ ಕಂಪನಿಯ 'ಫ್ರೆಂಡ್' 1978ರಲ್ಲಿ ಮಾರಾಟಕ್ಕೆ ಬಂತು. ಲೋಬಿನ ಅಂಚು ಲಾಗರಿದಮ್ ಸುರುಳಿಯ ಆಕಾರದ್ದು. ಹಾಗಾಗಿ ಬಿರುಕು ಸಣ್ಣದಿರಲಿ, ಅಗಲವಿರಲಿ, ಲೋಬ್ ಗೋಡೆಗೆ ತಾಗುವ ಕೋನ ಒಂದೇ ಆಗಿರುತ್ತದೆ.

ಆ ಕೋನ ಕಂಪನಿಯಿಂದ ಕಂಪನಿಗೆ ಬೇರೆ. ಫ್ರೆಂಡ್‌ನದು 13.75 ಡಿಗ್ರಿ, ಬ್ಲಾಕ್ ಡೈಮಂಡ್‌ನ ಕ್ಯಾಮಲಾಟ್‌ದು 14.5, ಮೆಟೋಲಿಯಸ್‌ನದು 13.25. ಕೋನ ಕಿರಿದಾದಷ್ಟೂ ಗೋಡೆಯನ್ನು ಒತ್ತುವ ಬಲ ಹೆಚ್ಚು, ಆದರೆ ಒಂದೇ ಕ್ಯಾಮ್ ಕೂರಬಲ್ಲ ಬಿರುಕುಗಳ ಅಗಲದ ವ್ಯಾಪ್ತಿ ಕಡಿಮೆ. ಒಂದು ಲೆಕ್ಕ ಮಾಡಿ ನೋಡಿದೆ. ಬಿದ್ದಾಗ ಕ್ಯಾಮ್ ಮೇಲೆ 6 ಕಿಲೋನ್ಯೂಟನ್ ಬಂದರೆ, 13.75 ಡಿಗ್ರಿಯಲ್ಲಿ ಅದು ಎರಡೂ ಬದಿಯ ಗೋಡೆಯನ್ನು ತಲಾ ಸುಮಾರು 12 ಕಿಲೋನ್ಯೂಟನ್‌ನಲ್ಲಿ ಹೊರಗೆ ತಳ್ಳುತ್ತದೆ, ಅಂದರೆ ಒಂದು ಟನ್‌ಗೂ ಹೆಚ್ಚಿನ ಭಾರ. ಕೋನಗಳ ನಡುವಿನ ವ್ಯತ್ಯಾಸಕ್ಕಿಂತ ಈ ಅಂಕಿಯೇ ನನಗೆ ದೊಡ್ಡದೆನಿಸಿತು. ಬಡಿದರೆ ಪೊಳ್ಳು ಸದ್ದು ಮಾಡುವ ಚಕ್ಕೆಯ ಹಿಂದೆ ಎಂಥ ದುಬಾರಿ ಕ್ಯಾಮ್ ಇಟ್ಟರೂ, ನಾವು ಬಿದ್ದಾಗ ಅದು ಆ ಚಕ್ಕೆಯನ್ನೇ ಕಿತ್ತು ನಮ್ಮ ಮೇಲೆ ಬೀಳಿಸಬಹುದು. ಮಳೆ ನೆಂದ ಬಾದಾಮಿಯ ಮರಳುಗಲ್ಲಿಗೂ ಇದೇ ಕಾರಣಕ್ಕೆ ನಾನು ಕ್ಯಾಮ್ ಹಾಕುವುದಿಲ್ಲ, ಪೂರ್ತಿ ಒಣಗುವವರೆಗೆ ಕಾಯುತ್ತೇನೆ.

ಪರೀಕ್ಷೆಗೆ ಆರಿಸಿಕೊಂಡದ್ದು ನೆಲದಿಂದ ಕೈಗೆಟಕುವ ಬಿರುಕುಗಳನ್ನು. ರಣಹದ್ದುಗಳ ಧಾಮವಾದ ರಾಮದೇವರ ಬೆಟ್ಟ ಬಿಟ್ಟು, ರಾಮನಗರದ ಬೇರೆ ಬಂಡೆಗಳಲ್ಲಿ. ಒಂದೇ ಬಿರುಕಿನಲ್ಲಿ ಒಂದಾದ ಮೇಲೆ ಒಂದರಂತೆ ಕ್ಯಾಮ್ ಇಟ್ಟು, ಹಗ್ಗ ಜೋಡಿಸಲು ಅದಕ್ಕಿರುವ ಬಟ್ಟೆಪಟ್ಟಿಯಾದ ಸ್ಲಿಂಗ್‌ಗೆ ಕಾಲುಪಟ್ಟಿ ಹಾಕಿ ಅದರ ಮೇಲೆ ನಿಂತು ಕುಪ್ಪಳಿಸಿದೆ. ಹೊರಗೆ ತೆಗೆದ ಮೇಲೆ ಲೋಬಿನ ಹಲ್ಲುಗಳಲ್ಲಿ ಕಲ್ಲಿನ ಗುರುತು ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿದೆ. ಹೆಲ್ಮೆಟ್ ತೊಟ್ಟು, ಮುಖ ಬಿರುಕಿನ ನೇರಕ್ಕೆ ಇರದಂತೆ ನಿಂತು ಇದನ್ನು ಮಾಡಬೇಕು. ಕ್ಯಾಮ್ ಕಿತ್ತು ಬಂದರೆ ನೇರ ಮುಖಕ್ಕೇ ಬರುತ್ತದೆ.

ರಾಮನಗರದ ಗ್ರಾನೈಟ್ ಬಿರುಕುಗಳು ಬಹಳ ಕಡೆ ಒಳಗೆ ಕಿರಿದು, ಬಾಯಿ ಅಗಲ, ಅಂಚು ದುಂಡು. ಅಲ್ಲಿ ಟೋಟೆಮ್ ಕ್ಯಾಮ್ ಕೂತಷ್ಟು ಚೆನ್ನಾಗಿ ಬೇರಾವುದೂ ಕೂರಲಿಲ್ಲ. ಸ್ಪೇನಿನ ಬಾಸ್ಕ್ ಸೀಮೆಯ ಈ ಕ್ಯಾಮ್‌ನಲ್ಲಿ ನಡುವೆ ಒಂದೇ ಕಾಂಡವಿಲ್ಲ. ಎರಡು ಬದಿಯ ತಂತಿಗಳು ಆಯಾ ಬದಿಯ ಲೋಬ್‌ಗಳನ್ನು ಬೇರೆ ಬೇರೆಯಾಗಿ ಎಳೆಯುತ್ತವೆ. ನಾಲ್ಕರಲ್ಲಿ ಎರಡೇ ಲೋಬ್ ಕೂರುವ ಜಾಗದಲ್ಲೂ ದೇಹದ ಭಾರ ಹೊರಿಸುವಂತೆ ಅದಕ್ಕೆ ವ್ಯವಸ್ಥೆಯಿದೆ, ಬೀಳುವುದಕ್ಕಲ್ಲ. ಬಾದಾಮಿಯಲ್ಲಿ ಸಮಾನಾಂತರ ಗೋಡೆಗಳ ನೇರ ಬಿರುಕು ಸಿಕ್ಕಾಗ ಮಾತ್ರ ಡಿಎಂಎಂ ಕಂಪನಿಯ ಡ್ರ್ಯಾಗನ್, ಕ್ಯಾಮಲಾಟ್, ಹೊಸ ಫ್ರೆಂಡ್ ಮೂರೂ ಒಂದೇ ಸಮ ಹಿಡಿದವು. ಮೂರರಲ್ಲೂ ಎರಡು ಆಕ್ಸಲ್ (ಲೋಬ್ ತಿರುಗುವ ಕಡ್ಡಿ) ಇರುವುದರಿಂದ ವ್ಯಾಪ್ತಿ ಹೆಚ್ಚು. ಕೆಂಪು ಬಣ್ಣದ 1ನೇ ನಂಬರಿನ ಕ್ಯಾಮಲಾಟ್ ಒಂದೇ 30ರಿಂದ 52 ಮಿಲಿಮೀಟರ್‌ವರೆಗಿನ ಬಿರುಕಿಗೆ ಆಗುತ್ತದೆ. ಎರಡು ಆಕ್ಸಲ್‌ನ ಈ ವಿನ್ಯಾಸ ಕ್ಯಾಮಲಾಟ್‌ನಲ್ಲಿ 1980ರ ದಶಕದಲ್ಲೇ ಬಂತು, ಪೇಟೆಂಟ್ ಅವಧಿ ಮುಗಿದ ಮೇಲೆ ಉಳಿದವರೂ ಎತ್ತಿಕೊಂಡರು.

ಕೈಗೆ ಗೊತ್ತಾದ ವ್ಯತ್ಯಾಸ ಬೇರೆ ಕಡೆ ಇತ್ತು. ಕ್ಯಾಮಲಾಟ್‌ನ ಕೆಳತುದಿಯಲ್ಲಿ ಹೆಬ್ಬೆರಳು ತೂರಿಸುವ ಕುಣಿಕೆ ಇದೆ, ಕೈ ಸೋತಾಗ ಅದರ ಹಿಡಿತ ದೊಡ್ಡ ಸಮಾಧಾನ. ಡ್ರ್ಯಾಗನ್‌ನಲ್ಲಿ ಆ ಕುಣಿಕೆಯಿಲ್ಲ. ಬದಲಿಗೆ ಸ್ಲಿಂಗ್ ಮಡಿಕೆ ಬಿಚ್ಚಿ ಉದ್ದವಾಗುತ್ತದೆ, ಹಾಗಾಗಿ ಅಲ್ಲಿ ಹಗ್ಗ ಸೇರಿಸುವ ಎರಡು ಕೊಕ್ಕೆಯ ಪಟ್ಟಿಯಾದ ಬೇರೆ ಕ್ವಿಕ್‌ಡ್ರಾ ಬೇಕಾಗುವುದಿಲ್ಲ. 2016ರ ನಂತರದ ಹೊಸ ಫ್ರೆಂಡ್‌ನಲ್ಲೂ ಸ್ಲಿಂಗ್ ಹೀಗೇ ಉದ್ದವಾಗುತ್ತದೆ. ದಾರಿ ಅಡ್ಡಡ್ಡ ತಿರುಗುವ ಕಡೆ ಹಗ್ಗದ ಜಗ್ಗಾಟಕ್ಕೆ ಕ್ಯಾಮ್ ಒಳಒಳಗೆ ನಡೆದುಕೊಂಡು ಹೋಗದಿರಲು ಇದು ತುಂಬ ಸಹಾಯ.

ಈಗ ದೇಶದ ಮಾತು. ಡಿಎಂಎಂ ಕಂಪನಿಯ ಕಾರ್ಖಾನೆ ವೇಲ್ಸ್‌ನ ಲ್ಯಾನ್‌ಬೆರಿಸ್‌ನಲ್ಲಿದೆ, ಸುತ್ತ ಹತ್ತುವವರ ಬೆಟ್ಟಗಳೇ. ಲೋಹ ಕಾಯಿಸಿ ಅಚ್ಚಿಗೊತ್ತುವುದರಿಂದ ಹಿಡಿದು ಎಳೆದು ಪರೀಕ್ಷಿಸುವವರೆಗಿನ ಕೆಲಸ ಅಲ್ಲೇ ನಡೆಯುತ್ತದೆ. ಮೆಟೋಲಿಯಸ್ ಅಮೆರಿಕದ ಆರೆಗಾನ್ ರಾಜ್ಯದ ಬೆಂಡ್ ಪಟ್ಟಣದ್ದು. ಇಂಗ್ಲೆಂಡಿನದೆಂದೇ ಎಲ್ಲರೂ ಹೇಳುವ ವೈಲ್ಡ್ ಕಂಟ್ರಿಯನ್ನು 2012ರಲ್ಲಿ ಇಟಲಿಯ ಬೋಲ್ಜಾನೋ ಊರಿನ ಓಬರಾಲ್ಪ್ ಸಮೂಹ ಕೊಂಡಿತು. ಬ್ಲಾಕ್ ಡೈಮಂಡ್ ತನ್ನ ತಯಾರಿಕೆಯ ಒಂದು ಭಾಗವನ್ನು ಚೀನಾದ ಝುಹೈಗೆ ಒಯ್ದಿತ್ತು, 2010ರ ದಶಕದ ನಡುವೆ ಅದನ್ನು ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ವಾಪಸ್ ತಂದಿತು. ತಯಾರಿಕೆಯ ದೋಷಕ್ಕಾಗಿ ಕೆಲವು ಕ್ಯಾಮಲಾಟ್‌ಗಳನ್ನು ಅದು ಹಿಂದಕ್ಕೆ ಕರೆಸಿದ್ದು 2016ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, ಅಮೆರಿಕದ ವ್ಯೋಮಿಂಗ್‌ನಲ್ಲಿ ಏಲಿಯನ್ ಕ್ಯಾಮ್ ಮಾಡುತ್ತಿದ್ದ ಸಿಸಿಎಚ್ ಎಂಬ ಸಣ್ಣ ಕಂಪನಿಯೂ ಬೆಸುಗೆ ದೋಷಕ್ಕಾಗಿ ತನ್ನ ಕ್ಯಾಮ್‌ಗಳನ್ನು ವಾಪಸ್ ಕೇಳಬೇಕಾಯಿತು. ಇವೆಲ್ಲ ಓದಿದ ಮೇಲೆ ಚೀನಾ ಎಂದರೆ ಹೆದರುವುದನ್ನೂ ಅಮೆರಿಕ ಎಂದರೆ ಕಣ್ಣುಮುಚ್ಚಿ ನಂಬುವುದನ್ನೂ ಬಿಟ್ಟೆ. ದೋಷ ಸಿಕ್ಕಾಗ ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಮಾಲು ಎಂದು ಕಂಪನಿ ಹೇಳಬಲ್ಲದೇ, ನನ್ನ ಕೈಲಿರುವುದು ಅದರಲ್ಲಿ ಸೇರಿದೆಯೇ ಎಂದು ನನಗೆ ತಿಳಿಯುತ್ತದೆಯೇ? ನಾನು ಈಗ ನೋಡುವುದು ಇದನ್ನು. ಅದಕ್ಕೇ ಪ್ರತಿ ಕ್ಯಾಮ್‌ನ ಮೇಲೆ ಕೊರೆದಿರುವ ಬ್ಯಾಚ್ ನಂಬರ್ ಮತ್ತು ತಾರೀಖನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಯುರೋಪಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಎನ್ನುವ ಸಿಇ ಗುರುತಿನ ಬಗ್ಗೆಯೂ ತಿಳಿದಿರಬೇಕು. ಅದರ ಪಕ್ಕದ ನಾಲ್ಕು ಅಂಕಿ ತಯಾರಿಕೆಯ ಮೇಲೆ ಕಣ್ಣಿಟ್ಟಿರುವ ಮಾನ್ಯತೆ ಪಡೆದ ಸಂಸ್ಥೆಯದ್ದು, ದೇಶದ್ದಲ್ಲ. ಯುರೋಪಿನ ಇಎನ್ 12276 ಮಾನದಂಡ ಕ್ಯಾಮ್‌ಗೆ ಕೇಳುವುದು ಕನಿಷ್ಠ 5 ಕಿಲೋನ್ಯೂಟನ್. ನಡುಗಾತ್ರದ ಬಹುತೇಕ ಕ್ಯಾಮ್‌ಗಳು ಅದರ ದುಪ್ಪಟ್ಟಿಗೂ ಮೇಲಿವೆ. ಬಿರುಕಿಗೆ ಸಿಕ್ಕಿಸುವ, ಚಲಿಸುವ ಭಾಗವಿಲ್ಲದ ಲೋಹದ ತುಂಡುಗಳಾದ ನಟ್‌ಗಳಲ್ಲಿ ಇಷ್ಟೆಲ್ಲ ತಲೆಕೆಡಿಸಿಕೊಳ್ಳಲಿಲ್ಲ, ಡಿಎಂಎಂನ ವಾಲ್‌ನಟ್ ಒಂದು ಸೆಟ್ ಕೊಂಡೆ, ಸಾಕಾಯಿತು.

ಕೊನೆಗೆ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಸ್ಲಿಂಗ್. ಲೋಹ ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಸ್ಲಿಂಗ್‌ನ ಡೈನೀಮಾ (ಬಲು ಗಟ್ಟಿಯಾದ ಸಿಂಥೆಟಿಕ್ ನಾರು), ನೈಲಾನ್ ಪಟ್ಟಿಗೆ ಒಮ್ಮೆಯೂ ಬಳಸದಿದ್ದರೂ ಸಾಮಾನ್ಯವಾಗಿ ಹತ್ತು ವರ್ಷವೇ ಗಡುವು. ಅಂಗಡಿಯ ಕಪಾಟಿನಲ್ಲಿ ಮೂರು ವರ್ಷ ಕೂತ ಕ್ಯಾಮ್ ಕೊಂಡರೆ ಮೂರು ವರ್ಷ ಕಳೆದುಕೊಂಡೇ ಕೊಂಡ ಹಾಗೆ. ಆದ್ದರಿಂದ ದೇಶದ ಹೆಸರಿಗಿಂತ ಮೊದಲು ಸ್ಲಿಂಗ್ ಮೇಲಿನ ತಾರೀಖು ಓದಬೇಕು. ಡಿಎಂಎಂ ತನ್ನ ಕ್ಯಾಮ್‌ಗಳಿಗೆ ಹೊಸ ಸ್ಲಿಂಗ್ ಹಾಕಿಕೊಡುತ್ತದೆ. ಮ್ಯಾಂಚೆಸ್ಟರ್‌ನಲ್ಲಿರುವ ತಂಗಿ ಊರಿಗೆ ಬಂದು ಹೋಗುವಾಗ ಅವಳ ಬ್ಯಾಗಿನಲ್ಲಿ ಕಳಿಸುವ ಅನುಕೂಲ ನನಗಿದೆ. ಆ ಒಂದು ಕಾರಣಕ್ಕೇ ನಡುಗಾತ್ರದವೆಲ್ಲ ಡ್ರ್ಯಾಗನ್ ಆದವು. ಅಗಲ ಬಿರುಕಿಗೆ ಕ್ಯಾಮಲಾಟ್ ಸಿ4, 2019ರಲ್ಲಿ ಶೇ. 10ರಷ್ಟು ತೂಕ ಇಳಿಸಿದ ಮಾದರಿ. ಸಣ್ಣದರಲ್ಲಿ ಟೋಟೆಮ್‌ನ ಕಪ್ಪು, ನೀಲಿ, ಹಳದಿ. ಕ್ಯಾಮಲಾಟ್ ಅಲ್ಟ್ರಾಲೈಟ್ ತುಂಬ ಹಗುರ, ಹಿಮಾಲಯದ ದೊಡ್ಡ ಗೋಡೆಗೆ ಹೋಗುವವರಿಗೆ ಬಹಳ ಒಳ್ಳೆಯದು. ಆದರೆ ಅದರ ಕಾಂಡದೊಳಗೇ ಡೈನೀಮಾ ಇದೆ, ಅದನ್ನು ಬದಲಿಸಲಾಗದು. ರಸ್ತೆಯಿಂದ ಸ್ವಲ್ಪ ನಡೆದರೆ ಸಿಗುವ ನಮ್ಮ ಗೋಡೆಗಳಿಗೆ ಆ ಕೆಲವು ಗ್ರಾಂ ಉಳಿತಾಯಕ್ಕಾಗಿ ಕ್ಯಾಮ್‌ನ ಆಯುಷ್ಯ ಕೊಡುವುದು ನನಗೆ ಸರಿ ಕಾಣಲಿಲ್ಲ.

ಹೀಗೆ ಬೆರಕೆ ರ್‍ಯಾಕ್ ಮಾಡಿದರೆ ಬಣ್ಣ, ನಂಬರ್ ಎರಡರಲ್ಲೂ ಎಚ್ಚರ ಬೇಕು. ಡ್ರ್ಯಾಗನ್‌ನ ಕೆಂಪು 3ನೇ ನಂಬರ್, ಕ್ಯಾಮಲಾಟ್‌ನ ಕೆಂಪು 1ನೇದು, ಗಾತ್ರ ಮಾತ್ರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಾವು ನಂಬರ್ ಕೂಗುವುದಿಲ್ಲ, ಬಣ್ಣ ಕೂಗುತ್ತೇವೆ. ಟೋಟೆಮ್ ಆ ಬಣ್ಣದ ಪದ್ಧತಿಗೂ ಸೇರುವುದಿಲ್ಲ. ಅದರ ಹಳದಿ ಸುಮಾರು 0.4 ಕ್ಯಾಮಲಾಟ್‌ನ ಗಾತ್ರ, ಕ್ಯಾಮಲಾಟ್‌ನ ಹಳದಿಯೋ ಅಂಗೈ ತೂರುವಷ್ಟು ಅಗಲದ ಬಿರುಕಿಗೆ. ಟೋಟೆಮ್ ಹಳದಿಗೆ ಆ 0.4ರ ಬೂದು ಬಣ್ಣದ ಕ್ಯಾರಬಿನರ್ (ಹಗ್ಗ ಸೇರಿಸುವ ಕೊಕ್ಕೆ) ಹಾಕಿದ್ದೇನೆ, ಕಣ್ಣು ಕ್ಯಾರಬಿನರ್ ಬಣ್ಣ ನೋಡಿಯೇ ಕೈಗೆ ಹೇಳುತ್ತದೆ.

ಬಾದಾಮಿಯ ಕೆಂಪು ಧೂಳು ಸ್ಪ್ರಿಂಗ್‌ಗೆ ಬಹಳ ಬೇಗ ಸೇರುತ್ತದೆ. ಊರಿಗೆ ಬಂದ ಮೇಲೆ ಉಗುರುಬೆಚ್ಚನೆ ನೀರಲ್ಲಿ ಲೋಬ್‌ಗಳನ್ನು ಅದ್ದಿ, ಹಳೆಯ ಹಲ್ಲುಬ್ರಷ್‌ನಿಂದ ತಿಕ್ಕಿ, ನೆರಳಲ್ಲಿ ಒಣಗಿಸಿ, ಕ್ಯಾಮ್‌ಗೆಂದೇ ಸಿಗುವ ಮೇಣದ ಲ್ಯೂಬ್ ಹಾಕುತ್ತೇನೆ. ಎಣ್ಣೆ ಹಾಕಿದರೆ ಧೂಳು ಅಂಟಿಕೊಳ್ಳುತ್ತದೆ.

ಸ್ಲಿಂಗ್ ಹಳೆಯದಾದರೆ ಇಲ್ಲೇ ಯಾರ ಕೈಲಾದರೂ ಹೊಲಿಸಬಾರದೇ ಎಂದು ಹಲವರು ಕೇಳುತ್ತಾರೆ. ಬೇಡ. ಆ ಹೊಲಿಗೆಯ ದಾರ, ವಿನ್ಯಾಸ ಎರಡನ್ನೂ ಎಳೆದು ಮುರಿದು ಪರೀಕ್ಷಿಸಿದ ಮೇಲೇ ಬಳಕೆಗೆ ಬಿಡುತ್ತಾರೆ. ಡೈನೀಮಾಗೆ ಗಂಟು ಹಾಕುವುದೂ ಆಗದು, ಅದು ನುಣುಪು, ಗಂಟು ಜಾರುತ್ತದೆ, ಉಜ್ಜಿದ ಬಿಸಿಗೆ ಬೇಗ ಕರಗುತ್ತದೆ. ಹೊರದೇಶಕ್ಕೆ ಕಳಿಸುವ ದಾರಿ ಇಲ್ಲದವರು ನಾಲ್ಕೈದು ಜನ ಸೇರಿ ಒಂದೇ ಪಾರ್ಸೆಲ್ ಮಾಡಿದರೆ ಖರ್ಚು ಹಂಚಿಹೋಗುತ್ತದೆ. ಸೆಕೆಂಡ್‌ಹ್ಯಾಂಡ್ ಕ್ಯಾಮ್ ಕೊಳ್ಳುವವರು ಹೊಸ ಸ್ಲಿಂಗ್‌ನ ಖರ್ಚನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.